ಬೆಳ್ಳುಳ್ಳಿ ಒಗ್ಗರಣೆಗೆ ಐನೂರು ರೂಪಾಯಿ

"ಐನೂರು ರೂಪಾಯಿ ಕಣಮ್ಮ! ಐನೂರು ರೂಪಾಯಿ ಕೊಟ್ಟು ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಶ್ಯಾವಿಗೆ ತಿಂದ್ಕೊಂಡು ಬಂದ್ವಿ" ಅಂದರು ಪಕ್ಕದ ಮನೆ ಅಕ್ಕ, ಕಾಂಪೌಂಡಿನ ಆ ಕಡೆ ಒಗೆದ ಬಟ್ಟೆ ಹರವುತ್ತಾ.

ಅಕ್ಕನ ಮಗಳಿಗೆ ಪ್ರಮೋಷನ್ ಆಗಿದೆ. ವೈಟ್‌ಫೀಲ್ಡ್ ಕಡೆ ಕೆಲಸ. ಆ ಖುಷಿಗೆ ಭಾನುವಾರ ಅಪ್ಪ ಅಮ್ಮನನ್ನು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿಸಿಕೊಂಡು ಹೋಗಿ, ಒಂದು ಮಾಲಿನಲ್ಲಿ ಇಟಾಲಿಯನ್ ಹೋಟೆಲಿನ ಊಟ ಹಾಕಿಸಿದ್ದಾಳೆ.

"ತಟ್ಟೆ ನೋಡಿದ್ರೆ ಇಷ್ಟಗಲ, ಮಧ್ಯದಲ್ಲಿ ಒಂದು ಹಿಡಿ. ನಾಲ್ಕು ಚೂರು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಯಾವುದೋ ಸೊಪ್ಪು. ಇಷ್ಟೇನಾ ಅಂದ್ರೆ, ಇಷ್ಟೇ ಅಮ್ಮ, ಇದನ್ನ ಹಿಂಗೇ ತಿನ್ನೋದು ಅಂದ್ಲು. ನಮ್ಮೆಜಮಾನ್ರು ಮಾತಾಡ್ದೆ ತಿಂದ್ರು ಪಾಪ. ಮನೆಗೆ ಬಂದ್ಮೇಲೆ ಮೊಸರನ್ನ ಕಲಸ್ಕೊಂಡ್ರು."

"ಚೆನ್ನಾಗಿತ್ತಾ ಅಕ್ಕ?"

ಕ್ಲಿಪ್ಪು ಹಾಕುತ್ತಿದ್ದ ಕೈ ನಿಂತಿತು. "ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗೇ ಇತ್ತು. ಅದಕ್ಕೇ ಹೊಟ್ಟೆ ಉರಿಯೋದು. ಮನೇಲಿ ಕಾಲು ಗಂಟೇಲಿ ಆಗೋ ಕೆಲಸ ಅಲ್ವಾ ಅದು?"

ಈ ವಿಷಯ ಬಂದರೆ ನನಗೆ ಒಲೆ ಮೇಲೆ ಹಾಲಿಟ್ಟಿದ್ದೂ ಮರೆತುಹೋಗುತ್ತದೆ. ನನ್ನ ತಮ್ಮ ಬೆಂಗಳೂರಿನಲ್ಲಿ ಅಂಥದ್ದೇ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಾಗಲೆಲ್ಲ ನಮ್ಮ ಒಲೆ ಮುಂದೆ ನಿಂತು ಕಲಿಸಿದ್ದಾನೆ, ನಾನೂ ಹಟ ಹಿಡಿದು ಕಲಿತಿದ್ದೇನೆ. ಕಾಲು ಗಂಟೆಯ ಕೆಲಸ ಅನ್ನೋದು ನಿಜ. ಆದರೆ ಆ ಕಾಲು ಗಂಟೆಯಲ್ಲಿ ಕಣ್ಣು ಅತ್ತಿತ್ತ ಹೋಗೋ ಹಾಗಿಲ್ಲ.

ಅಕ್ಕ ತಿಂದು ಬಂದದ್ದು ಸ್ಪಗೆಟಿ ಆಲ್ಯೋ ಎ ಓಲ್ಯೋ. ನೇಪಲ್ಸ್ ಕಡೆಯ ಬಡವರ ಮನೆ ಅಡುಗೆ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ, ಉಪ್ಪು, ಮೇಲೆ ಒಂದಿಷ್ಟು ಸೊಪ್ಪು, ಅಷ್ಟೇ. ಬೆಳ್ಳುಳ್ಳಿಯನ್ನು ಕಾಗದದ ಹಾಗೆ ತೆಳ್ಳಗೆ ಹೆಚ್ಚಿ, ತಣ್ಣಗಿರುವ ಎಣ್ಣೆಗೇ ಹಾಕಿ, ಆಮೇಲೆ ಸಣ್ಣ ಉರಿ ಹಚ್ಚಬೇಕು. ನಾವು ಒಗ್ಗರಣೆಗೆ ಎಣ್ಣೆ ಕಾಯಿಸಿ ಚಟಪಟ ಅನ್ನಿಸುತ್ತೇವಲ್ಲ, ಇಲ್ಲಿ ಆ ಸದ್ದು ಬರಲೇಬಾರದು. ಎಣ್ಣೆ ಬಿಸಿಯಾಗುತ್ತಾ ಬಂದಂತೆ ಬೆಳ್ಳುಳ್ಳಿಯ ಸುತ್ತ ಸಣ್ಣ ಗುಳ್ಳೆ ಏಳುತ್ತವೆ. ಅಂಚು ಹೊಂಬಣ್ಣಕ್ಕೆ ತಿರುಗುವ ಮೊದಲೇ ಮೆಣಸಿನಕಾಯಿ ಬಿದ್ದು, ಅದರ ಹಿಂದೆಯೇ ಪಾಸ್ತಾ ಬೇಯುತ್ತಿರುವ ನೀರು ಒಂದು ಸೌಟು ಬೀಳಬೇಕು. ಅರ್ಧ ನಿಮಿಷ ತಡವಾದರೆ ಬೆಳ್ಳುಳ್ಳಿ ಕಹಿ. ಕಹಿಯಾದ ಮೇಲೆ ಅದನ್ನು ಮುಚ್ಚಲು ಆ ತಟ್ಟೆಯಲ್ಲಿ ಬೇರೆ ಏನೂ ಇಲ್ಲ. ಕಾಯಿ ಇಲ್ಲ, ಹುಣಸೆಹುಳಿ ಇಲ್ಲ, ಬೆಲ್ಲ ಇಲ್ಲ, ಸಾರಿನಪುಡಿ ಇಲ್ಲ.

"ನೀರ್ ಯಾಕೆ ಹಾಕ್ತಾರೆ?" ಅಂದರು ಅಕ್ಕ.

"ನೀವು ಬಸ್ಸಾರು ಮಾಡ್ತೀರಲ್ಲ, ಕಾಳು ಸೊಪ್ಪು ಬಸಿದ ಕಟ್ಟು ಚೆಲ್ತೀರಾ?"

"ಚೆಲ್ಲಿದ್ರೆ ಸಾರೆಲ್ಲಿಂದ ಬರುತ್ತೆ?"

ಅದೇ ಲೆಕ್ಕ. ಪಾಸ್ತಾ ಬೆಂದ ನೀರಿನಲ್ಲಿ ಗೋಧಿಯ ಗಂಜಿ ಇಳಿದಿರುತ್ತದೆ. ಆ ನೀರನ್ನು ಎಣ್ಣೆಗೆ ಹಾಕಿ ಬಾಣಲೆ ಕುಲುಕಿದರೆ, ಬೇರೆ ಬೇರೆಯಾಗಿ ನಿಲ್ಲಬೇಕಾದ ಎಣ್ಣೆ ನೀರು ಎರಡೂ ಕೂಡಿಕೊಂಡು ಬೆಳ್ಳಗೆ ಗಟ್ಟಿಯಾಗಿ ಎಳೆ ಎಳೆಗೂ ಹತ್ತಿಕೊಳ್ಳುತ್ತದೆ. ತಟ್ಟೆ ಖಾಲಿಯಾದಾಗ ತಳದಲ್ಲಿ ಎಣ್ಣೆ ನಿಂತಿದ್ದರೆ ಮಾಡಿದವರಿಗೆ ಕೈ ಕೂಡಿಲ್ಲ ಅಂತಲೇ ಅರ್ಥ.

ಅಕ್ಕನಿಗೆ ಇನ್ನೂ ಪೂರ್ತಿ ಒಪ್ಪಿಗೆ ಇರಲಿಲ್ಲ. ಹಾಗಾಗಿ ನಮ್ಮೂರ ವಿಷಯಕ್ಕೇ ಬಂದೆ.

"ಅಕ್ಕ, ನಮ್ಮ ಪಾನಿಪೂರಿ ನೀರು ಯಾವ ಬಣ್ಣ?"

"ಬಣ್ಣ ಎಲ್ಲಿದೆ? ತಿಳಿ ನೀರು."

"ಬೆಂಗಳೂರಿಂದ ಬಂದೋರು ಏನಂತಾರೆ?"

ಅಕ್ಕ ನಕ್ಕರು. ಬಂಗಾರಪೇಟೆಯಲ್ಲಿ ಇದನ್ನು ನೋಡದವರಿಲ್ಲ. ಹೊಸಬರು ಗಾಡಿ ಮುಂದೆ ನಿಂತು, ನೀರು ಹಸಿರಾಗಿಲ್ಲವಲ್ಲ, ಇದೇನು ಬರೀ ನೀರಾ ಅಂತ ಅನುಮಾನದಿಂದಲೇ ಪೂರಿ ಬಾಯಿಗಿಡುತ್ತಾರೆ. ಆಮೇಲೆ ಹಸಿಮೆಣಸಿನಕಾಯಿ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು. ಇನ್ನೊಂದು ಕೊಡಿ ಅಂತ ಕೈ ಚಾಚುತ್ತಾರೆ. ಅಷ್ಟು ಖಾರ, ಅಷ್ಟು ರುಚಿ ಇಟ್ಟುಕೊಂಡೂ ನೀರು ತಿಳಿಯಾಗಿಯೇ ಉಳಿಯಬೇಕು ಅಂದರೆ ಅದರ ಹಿಂದೆ ದುಡಿಮೆ ಎಷ್ಟಿರಬೇಕು. ಇವತ್ತು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಬಂಗಾರಪೇಟೆ ಚಾಟ್ಸ್ ಅಂತ ಬೋರ್ಡು ಇದೆ. ಒಂದು ಕಂಪನಿಯಲ್ಲ, ಒಬ್ಬ ಮಾಲೀಕರಲ್ಲ, ಊರಿನ ಹೆಸರೇ ನೂರಾರು ಗಾಡಿಗಳನ್ನು ನಡೆಸುತ್ತಿದೆ. ಅದರಲ್ಲಿ ಕೆಲವರು ಪುದೀನ ಕೊತ್ತಂಬರಿ ರುಬ್ಬಿ ಹಸಿರು ನೀರನ್ನೇ ಈ ಹೆಸರಲ್ಲಿ ಕೊಡುತ್ತಾರೆ. ಅಕ್ಕನಿಗೆ ಅದು ಆಗುವುದಿಲ್ಲ. ನನಗೂ ಆಗುವುದಿಲ್ಲ.

"ಈಗ ಯಾರಾದ್ರೂ ಬಂದು, ಬರೀ ನೀರಿಗೆ ಇಷ್ಟು ದುಡ್ಡಾ ಅಂದ್ರೆ ನೀವೇನಂತೀರ?"

"ಕೈಲಾದ್ರೆ ಮಾಡಿ ತೋರಿಸು ಅಂತೀನಿ" ಅಂದರು ಅಕ್ಕ. ಹೇಳಿದ ಮೇಲೆ ತಾವೇ ಒಂದು ಗಳಿಗೆ ಸುಮ್ಮನಾದರು. "ಆದ್ರೂ ಐನೂರು ಜಾಸ್ತಿ ಕಣಮ್ಮ."

ಜಾಸ್ತಿಯೇ. ಅದನ್ನು ನಾನೂ ಒಪ್ಪುತ್ತೇನೆ. ಆ ದುಡ್ಡಿನಲ್ಲಿ ಬೆಳ್ಳುಳ್ಳಿಯ ಪಾಲು ಕಡಿಮೆ, ಮಾಲಿನ ಬಾಡಿಗೆಯ ಪಾಲು ಹೆಚ್ಚು. ಆದರೆ ಬೆಲೆ ಜಾಸ್ತಿ ಅನ್ನೋದು ಒಂದು ಮಾತು, ತಿಂಡಿ ಸಾಮಾನ್ಯದ್ದು ಅನ್ನೋದು ಬೇರೆ ಮಾತು.

ಬೆಂಗಳೂರಿಗೆ ಈ ಊಟ ಹೊಸದೇನಲ್ಲ. ರೆಸಿಡೆನ್ಸಿ ರಸ್ತೆಯ ದೇವತಾ ಪ್ಲಾಜಾದಲ್ಲಿ ಕಾಸಾ ಪಿಕ್ಕೋಲಾ ಇತ್ತು, ಕಾಲೇಜು ಹುಡುಗರು ಪಾಕೆಟ್ ಮನಿ ಉಳಿಸಿ ಹೋಗುವ ಜಾಗ. ಭಾರತದ ಮೊದಲ ಪಿಜ್ಜಾ ಹಟ್ ತೆರೆದದ್ದೂ ಬೆಂಗಳೂರಿನಲ್ಲೇ, 1996ರಲ್ಲಿ. ಆಮೇಲೆ ಪೂರ್ತಿ ಸಸ್ಯಾಹಾರದ ಲಿಟಲ್ ಇಟಲಿ, ಯು.ಬಿ. ಸಿಟಿಯ ಟೋಸ್ಕಾನೋ, ಹೀಗೆ ಒಂದೊಂದಾಗಿ ಬಂದವು. ನಮ್ಮ ಕಡೆಯವರಿಗೆ ಅದೆಲ್ಲ ಬೇರೆಯವರ ಊರಿನ ವಿಷಯವಾಗಿತ್ತು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು ನೋಡಿ, ಅಲ್ಲಿಂದ ಈಚೆಗೆ ನಮ್ಮ ಮಕ್ಕಳ ಅನ್ನವೂ ಬೆಂಗಳೂರಿಗೇ ಹೋಯಿತು. ಗಣಿಗೆ ಸಾಮಾನು ಸಾಗಿಸಲು ಅಂತ 1894ರಲ್ಲಿ ಹಾಕಿದ ರೈಲು ದಾರಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ. ಈಗ ಬೆಳಿಗ್ಗೆ ಕತ್ತಲಿರುವಾಗಲೇ ಅದೇ ದಾರಿಯಲ್ಲಿ ಸಾವಿರಾರು ಜನ ಟಿಫನ್ ಡಬ್ಬಿ ಹಿಡಿದು ಹೊರಡುತ್ತಾರೆ. ಆಫೀಸಿಗೆ ಹೋಗುವವರೂ ಅವರಲ್ಲಿದ್ದಾರೆ, ಹೋಟೆಲಿನ ಪಾತ್ರೆ ತೊಳೆಯುವವರೂ ಇದ್ದಾರೆ. ಅಕ್ಕನ ಮಗಳು ಕೂತು ತಿಂದ ತಟ್ಟೆಯನ್ನು ನಮ್ಮ ತಮ್ಮನಂಥವನೇ ಯಾರೋ ಒಳಗಿಂದ ಕಳಿಸಿರುತ್ತಾನೆ. ಇಬ್ಬರೂ ಕೆಜಿಎಫ್ ಗಾಡಿಯಲ್ಲಿ ಹೋದ ಮಕ್ಕಳೇ.

ಒಳಗೆ ಹೇಗೆ ನಡೆಯುತ್ತದೆ ಅಂತ ಅಕ್ಕನಿಗೆ ಕುತೂಹಲ. ತಮ್ಮ ಹೇಳಿದ್ದನ್ನು ಹೇಳಿದೆ. ಪಾಸ್ತಾವನ್ನು ಬೆಳಿಗ್ಗೆಯೇ ಮುಕ್ಕಾಲು ಪಾಲು ಬೇಯಿಸಿ, ಆರಿಸಿ, ಒಂದೊಂದು ತಟ್ಟೆಗೆ ಆಗುವಷ್ಟು ತೂಗಿ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಆರ್ಡರ್ ಬಂದಾಗ ಜಾಲರಿಯಲ್ಲಿ ಹಾಕಿ ಕುದಿಯುವ ನೀರಿಗೆ ಒಂದು ನಿಮಿಷದೊಳಗೆ ಅದ್ದಿ ತೆಗೆದು, ಬಾಣಲೆಗೆ ಬಿಟ್ಟು ಸಾಸಿನ ಜೊತೆ ಮುಗಿಸುತ್ತಾರೆ. ನಮ್ಮ ದರ್ಶಿನಿಯಲ್ಲಿ ಬೆಳಿಗ್ಗೆ ಹಿಟ್ಟು ರುಬ್ಬಿಟ್ಟುಕೊಂಡು ದೋಸೆ ಹುಯ್ಯುವ ಹಾಗೆಯೇ. ಹತ್ತು ಊರಿನಲ್ಲಿ ಹತ್ತು ಅಂಗಡಿ ಇರುವವರಿಗೆ ಎಲ್ಲ ಕಡೆಯೂ ಒಂದೇ ರುಚಿ ಬರಬೇಕು, ಹಾಗಾಗಿ ಉಪ್ಪು, ಎಣ್ಣೆ, ಸಮಯ ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಅದು ತಪ್ಪಲ್ಲ. ಒಳ್ಳೆಯ ಅಳತೆ ಬರೆದಿಟ್ಟರೆ ಹೊಸ ಹುಡುಗನೂ ಒಳ್ಳೆಯ ಅಡುಗೆ ಮಾಡುತ್ತಾನೆ. ಕೆಟ್ಟ ಅಳತೆ ಬರೆದರೆ ಮಾತ್ರ ಎಲ್ಲ ಊರಿನಲ್ಲೂ ಒಟ್ಟಿಗೇ ಕೆಡುತ್ತದೆ.

ಅಮೆರಿಕದಲ್ಲಿ ಹಾಗೆ ಆಗಿಯೂ ಇದೆ. ಆಲಿವ್ ಗಾರ್ಡನ್ ಅಂತ ದೊಡ್ಡ ಸರಪಳಿ, 1982ರಲ್ಲಿ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ಶುರುವಾದದ್ದು. ಅಲ್ಲಿನ ಮಧ್ಯಮ ವರ್ಗದ ಮನೆಗಳ ಹುಟ್ಟುಹಬ್ಬ, ಭಾನುವಾರದ ಊಟ ಎಲ್ಲ ಅಲ್ಲೇ. 2014ರಲ್ಲಿ ಅದರ ಮಾಲೀಕ ಕಂಪನಿಯ ಷೇರು ಹಿಡಿದಿದ್ದ ಸ್ಟಾರ್‌ಬೋರ್ಡ್ ವ್ಯಾಲ್ಯೂ ಅನ್ನುವ ಸಂಸ್ಥೆ ಸುಮಾರು 300 ಪುಟದ ದೂರಿನ ಪಟ್ಟಿಯನ್ನೇ ಹೊರತಂದಿತು. ಅದರಲ್ಲಿ ಎಲ್ಲರ ಕಣ್ಣಿಗೆ ಬಿದ್ದ ಸಾಲು ಯಾವುದು ಅಂದರೆ, ಪಾಸ್ತಾ ಬೇಯಿಸುವ ನೀರಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಾರೆ ಅನ್ನೋದು. ಕಾರಣ, ಉಪ್ಪು ಹಾಕದಿದ್ದರೆ ಪಾತ್ರೆಗಳ ವಾರಂಟಿ ಜಾಸ್ತಿ ದಿನ ಸಿಗುತ್ತದಂತೆ!

"ಪಾತ್ರೆ ಉಳಿಸೋಕೆ ಉಪ್ಪು ಬಿಡೋದಾ?" ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. "ಉಪ್ಪಿಗಿಂತ ರುಚಿ ಇಲ್ಲ ಅಂತ ಸುಮ್ನೆ ಹೇಳ್ತಾರಾ?"

ಆ ವರ್ಷ ಅಕ್ಟೋಬರಿನಲ್ಲಿ ಷೇರುದಾರರು ಓಟು ಹಾಕಿ ಕಂಪನಿಯ ನಿರ್ದೇಶಕರನ್ನೆಲ್ಲ ಇಳಿಸಿ ಹೊಸಬರನ್ನು ಕೂರಿಸಿದರು. ಅದಕ್ಕೆ ಲಾಭ ನಷ್ಟದ ಕಾರಣಗಳು ಬೇರೆ ಇದ್ದವು, ಉಪ್ಪೊಂದೇ ಅಲ್ಲ. ಆದರೆ ಜನರ ಬಾಯಲ್ಲಿ ಉಳಿದದ್ದು ಉಪ್ಪಿನ ಮಾತೇ. ಲೀಟರ್ ನೀರಿಗೆ ಹತ್ತು ಗ್ರಾಂ ಉಪ್ಪು, ಅಂದರೆ ಒಂದೂವರೆ ಟೀ ಚಮಚದಷ್ಟು. ಅದು ಬೇಯುವಾಗಲೇ ಒಳಗೆ ಹೋಗಬೇಕು. ಮೇಲೆ ಉದುರಿಸಿದ ಉಪ್ಪು ನಾಲಿಗೆಗೆ ಬೇರೆಯಾಗಿಯೇ ಸಿಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಆ ಐನೂರು ರೂಪಾಯಿಯ ಹೋಟೆಲಿನ ಮೇಲಲ್ಲ. ನಮ್ಮಂಥ ಊರುಗಳಲ್ಲಿ ಈಗ ಕೆಫೆಗಳು ಬಂದಿವೆಯಲ್ಲ, ಅಲ್ಲಿ ಪಾಸ್ತಾ ಅಂತ ಕೊಡುವುದನ್ನು ನೋಡಿದರೆ. ರೆಡ್ ಸಾಸ್, ವೈಟ್ ಸಾಸ್, ಎರಡೂ ಬೆರೆಸಿದರೆ ಪಿಂಕ್ ಸಾಸ್. ಮೆತ್ತಗೆ ಬೆಂದ ಪೆನ್ನೆ, ಅದರ ಮೇಲೆ ಮೈದಾ ಹಾಲಿನ ಗಂಜಿ, ದಪ್ಪಮೆಣಸಿನಕಾಯಿ, ಸಿಹಿ ಜೋಳ, ಮೇಯೊನೀಸ್, ಮೇಲೆ ಚೀಸಿನ ಮಳೆ. ಒಂದು ಕಡೆ ಕೇಳಿಯೂ ನೋಡಿದೆ, ಬರೀ ಬೆಳ್ಳುಳ್ಳಿ ಎಣ್ಣೆಯಲ್ಲಿ ಮಾಡಿಕೊಡ್ತೀರಾ ಅಂತ. ಕೌಂಟರಿನ ಹುಡುಗ ಮರ್ಯಾದೆಯಿಂದಲೇ ಹೇಳಿದ, "ಮೇಡಂ, ಅದು ಇಲ್ಲಿ ಓಡಲ್ಲ. ಇಲ್ಲಿ ಜನಕ್ಕೆ ಕ್ರೀಮಿಯಾಗಿರ್ಬೇಕು."

ಇಲ್ಲಿ ಜನ ಅಂದರೆ ಯಾರು? ಉಪ್ಸಾರು ಮುದ್ದೆ ಉಣ್ಣುವವರು. ಬೆಂದ ಕಾಳಿನ ನೀರು, ಉಪ್ಪು, ಪಕ್ಕದಲ್ಲಿ ಒಂದು ಉಂಡೆ ಖಾರ, ಅಷ್ಟರಲ್ಲೇ ಕಾಳು ಹೊಸದೋ ಹಳೆಯದೋ, ಸೊಪ್ಪು ಬೆಳಿಗ್ಗೆ ಕಿತ್ತದ್ದೋ ನಿನ್ನೆಯದೋ ಹೇಳುವವರು. ಅವರೆಕಾಯಿ ಕಾಲದಲ್ಲಿ ಸೊಗಡು ಮೂಸಿ ನೋಡಿ ಚೀಲ ತುಂಬುವವರು. ಇವರಿಗೆ ಸರಳವಾದ ರುಚಿ ಗೊತ್ತಾಗುವುದಿಲ್ಲ ಅಂತ ಯಾರು ತೀರ್ಮಾನ ಮಾಡಿದರು? ಊರು ಚಿಕ್ಕದಾದರೆ ನಾಲಿಗೆಯೂ ಚಿಕ್ಕದಾಗಿರುತ್ತದೆ ಅಂದುಕೊಳ್ಳುವುದು ದೊಡ್ಡ ಅವಮಾನ. ಆ ವೈಟ್ ಸಾಸಿನ ಕಥೆಯನ್ನೇ ನೋಡಿ. ರೋಮಿನಲ್ಲಿ ಆಲ್ಫ್ರೆಡೊ ದಿ ಲೇಲಿಯೊ ಅನ್ನುವವರ ಹೋಟೆಲಿನಿಂದ ಹೆಸರಾದ ತಿಂಡಿ ಇದೆ, ಅದನ್ನೇ ಎಲ್ಲರೂ ಆಲ್ಫ್ರೆಡೊ ವೈಟ್ ಸಾಸ್ ಅಂತಾರೆ. ಅವರು ಹಾಕುತ್ತಿದ್ದದ್ದು ಬೆಣ್ಣೆ ಮತ್ತು ಪಾರ್ಮೆಸಾನ್ ಚೀಸು ಮಾತ್ರ. ಕ್ರೀಮು ಸೇರಿದ್ದು ಅಮೆರಿಕಕ್ಕೆ ಹೋದ ಮೇಲೆ, ಮೈದಾ ಸೇರಿದ್ದು ನಮ್ಮ ಕಡೆಗೆ ಬಂದ ಮೇಲೆ. ದೂರ ಹೋದಷ್ಟೂ ಹೊದಿಕೆ ಜಾಸ್ತಿ.

"ನಮ್ಮ ಮೊಮ್ಮಗೂಗೆ ಅದೇ ಇಷ್ಟ" ಅಂದರು ಅಕ್ಕ. ಮಕ್ಕಳ ಮಾತು ಬೇರೆ, ಮಕ್ಕಳಿಗೆ ಹಾಲು ಬೆಣ್ಣೆ ಯಾವಾಗಲೂ ಇಷ್ಟವೇ. ತಿನ್ನಲಿ.

ಮಾತು ಹಿಟ್ಟಿಗೆ ಬಂತು. ಅಕ್ಕ ಸಂತೆ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ಬಿಡಿ ಮ್ಯಾಕರೋನಿ ತಂದು ಮಾಡಿದ್ದರಂತೆ, ಮುದ್ದೆಯಾಯಿತಂತೆ. ಆಗಲೇಬೇಕು, ಅದರಲ್ಲಿ ಮೈದಾ ಇದ್ದರೆ. ಪಾಸ್ತಾ ಆಗಬೇಕಾದದ್ದು ಡ್ಯೂರಮ್ ಅನ್ನುವ ಗಟ್ಟಿ ಗೋಧಿಯ ರವೆಯಿಂದ. ಇಟಲಿಯಲ್ಲಿ 1967ರಿಂದ ಕಾನೂನೇ ಇದೆ, ಒಣ ಪಾಸ್ತಾ ಅಂದರೆ ಡ್ಯೂರಮ್ ಗೋಧಿಯದ್ದೇ ಆಗಿರಬೇಕು ಅಂತ. ಪ್ಯಾಕೆಟ್ಟಿನ ಹಿಂದೆ ಓದಿ ತರಬೇಕು. ಬೇಯಿಸುವಾಗ ನೀರು ಬೇಗ ಹಾಲಿನ ಹಾಗೆ ಬೆಳ್ಳಗಾಗಿ ಪಾಸ್ತಾ ಅಂಟಂಟಾದರೆ ಮೈದಾ ಬೆರಕೆ ಅಂತ ಅನುಮಾನ ಪಡಬಹುದು.

"ಆ ಗೋಧಿ ಇಲ್ಲಿ ಎಲ್ಲಿ ಸಿಗುತ್ತೆ?"

"ನಿಮ್ಮ ಡಬ್ಬೀಲೇ ಇದೆ ಅಕ್ಕ. ಬನ್ಸಿ ರವೆ."

ಅಕ್ಕನ ಮುಖ ನೋಡಬೇಕಿತ್ತು. ದಿನಾ ಬೆಳಿಗ್ಗೆ ಉಪ್ಪಿಟ್ಟಿಗೆ ಹಾಕುವ, ಸ್ವಲ್ಪ ಹಳದಿ ಛಾಯೆಯ, ಬೆಂದರೂ ಬಿಡಿಬಿಡಿಯಾಗಿ ನಿಲ್ಲುವ ಬನ್ಸಿ ರವೆ ಡ್ಯೂರಮ್ ಗೋಧಿಯದ್ದೇ. ವಿಜಯಪುರ, ಬಾಗಲಕೋಟೆ, ಧಾರವಾಡದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣಿನ ತೇವದಲ್ಲೇ ಬೆಳೆಯುವ ಗಟ್ಟಿ ಗೋಧಿಗಳು ಇವು. ಅದರ ಹತ್ತಿರದ ನಂಟಿನದೇ ಜವೆ ಗೋಧಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದರಲ್ಲೂ ಸುಧಾರಿಸಿದ ತಳಿಗಳನ್ನು ಕೊಟ್ಟಿದ್ದಾರೆ. ಆ ಕಡೆಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆಯುತ್ತಾರೆ. ಇಳಿಜಾರಾಗಿಟ್ಟ ಮಣೆಯ ಮೇಲೆ ಕಣಕವನ್ನು ಅಂಗೈಯಲ್ಲಿ ತೀಡುತ್ತಾ ಹೋದರೆ ನೂಲಿನಷ್ಟು ಸಣ್ಣ ಎಳೆ ಕೆಳಗಿಳಿಯುತ್ತದೆ, ಅದನ್ನು ಕೋಲಿಗೆ ಹಾಕಿ ನೆರಳಿಗೆ ಒಣಗಿಸುತ್ತಾರೆ. ನೇಪಲ್ಸಿನ ಹತ್ತಿರ ಗ್ರಾನ್ಯಾನೋ ಅಂತ ಒಂದು ಊರು, ಪಾಸ್ತಾಕ್ಕೇ ಹೆಸರಾದದ್ದು. ಅಲ್ಲಿಯೂ ಹಿಂದೆ ಬೀದಿಯುದ್ದಕ್ಕೂ ಕೋಲುಗಳ ಮೇಲೆ ಸ್ಪಗೆಟಿ ನೇತುಹಾಕಿ ಸಮುದ್ರದ ಗಾಳಿಗೆ ಒಣಗಿಸುತ್ತಿದ್ದರು. ಆ ಹಳೆಯ ಫೋಟೋಗಳನ್ನು ನೋಡಿದರೆ ಬಾಗಲಕೋಟೆಯ ಯಾವುದೋ ಓಣಿ ಅನ್ನಿಸುತ್ತದೆ. ಅಚ್ಚಿನ ವಿಷಯವೂ ಅಷ್ಟೇ. ಒಳ್ಳೆಯ ಪಾಸ್ತಾವನ್ನು ಇವತ್ತಿಗೂ ಕಂಚಿನ ಬಿಲ್ಲೆಯಲ್ಲಿ ಒತ್ತುತ್ತಾರೆ. ನುಣುಪು ಅಚ್ಚಿನಲ್ಲಿ ಒತ್ತಿದರೆ ಹೊಳೆಯುತ್ತದೆ, ಆದರೆ ಸಾಸು ಜಾರಿಹೋಗುತ್ತದೆ. ಕಂಚಿನಲ್ಲಿ ಒತ್ತಿದ್ದು ಮುಟ್ಟಿದರೆ ತರಿತರಿ, ಬೆಂದ ಮೇಲೆ ಎಣ್ಣೆಯನ್ನೂ ಹುಳಿಯನ್ನೂ ಹಿಡಿದುಕೊಳ್ಳುತ್ತದೆ.

ಇನ್ನೊಂದು ಮಾತಿಗೆ ಅಕ್ಕ ತುಂಬ ಖುಷಿಪಟ್ಟರು. ಮಗಳು ಫೋರ್ಕಿಗೆ ಸುತ್ತಿಕೊಂಡು ತಿನ್ನು ಅಂತ ಕಲಿಸಿದಳಂತೆ, ಇವರಿಗೆ ಬರಲಿಲ್ಲವಂತೆ, ಪಕ್ಕದ ಟೇಬಲ್ಲಿನವರು ನೋಡಿದರಂತೆ. ನೇಪಲ್ಸಿನ ಬೀದಿಯಲ್ಲಿ ಗಾಡಿಯವರು ಮಾರುತ್ತಿದ್ದ ಕಾಲದಲ್ಲಿ ಜನ ಪಾಸ್ತಾವನ್ನು ಕೈಯಿಂದಲೇ ಎತ್ತಿ, ತಲೆ ಮೇಲಕ್ಕೆ ಮಾಡಿ, ಬಾಯಿಗೆ ಇಳಿಬಿಟ್ಟುಕೊಂಡು ತಿನ್ನುತ್ತಿದ್ದರು. ಮೇಲೆ ಒಂದಿಷ್ಟು ತುರಿದ ಚೀಸು, ಮುಗಿಯಿತು. ಹಾಗೆ ತಿನ್ನುವವರ ಚಿತ್ರಗಳೇ ಬೇಕಾದಷ್ಟಿವೆ. "ಹಂಗಾದ್ರೆ ಮುಂದಿನ ಸಲ ಕೈಯಲ್ಲೇ ತಿಂತೀನಿ" ಅಂದರು. ತಿನ್ನಲೇಬೇಕು.

ಇಟಲಿಯವರು ನಮ್ಮ ನೆಲಕ್ಕೂ ಬಂದು ಹೋಗಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದವರ ಜೊತೆ ಇಟಲಿಯ ಕೆಲಸಗಾರರೂ ಇದ್ದರು. ಅಕ್ಕನ ಮಾವನವರು ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು, ಆ ಕಾಲಕ್ಕೆ ಅವರೆಲ್ಲ ಹೋಗಿಯಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಜಾಲಹಳ್ಳಿಯ ಶಿಬಿರದಲ್ಲಿ ಇಟ್ಟಿದ್ದರು. ಹಾಗೆ ನೋಡಿದರೆ ಮಾಲಿನ ಇಟಾಲಿಯನ್ ಹೋಟೆಲು ಬರುವ ಮೊದಲೇ ಇಟಲಿಯ ಬಡವರು ಇಲ್ಲಿ ಬೆವರು ಸುರಿಸಿದ್ದಾರೆ.

ಬಟ್ಟೆ ಎಲ್ಲ ಹರವಿ ಮುಗಿದಿತ್ತು. ಅಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು. "ಮಗಳು ತಗೊಂಡಿದ್ದು ಟೊಮೆಟೊದು. ಅದೂ ಇಷ್ಟೇ, ಬರೀ ಟೊಮೆಟೊ. ಆದ್ರೆ ಹುಳಿ ಇರ್ಲಿಲ್ಲ, ಸಿಹಿ ಸಿಹಿ."

ಅಕ್ಕನಿಗೆ ಟೊಮೆಟೊ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ತವರು ಬೂದಿಕೋಟೆ ಕಡೆ, ಹೈದರಾಲಿ ಹುಟ್ಟಿದ ಊರು. ತಮ್ಮಂದಿರು ಬೆಳೆಯುವುದೇ ಟೊಮೆಟೊ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ತೋಟಕ್ಕೆ ರಾತ್ರಿ ಕಾವಲು ಕೂತಿದ್ದರು. ಅದಕ್ಕೆ ಮುಂಚೆ ಎಷ್ಟೋ ವರ್ಷ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದಿದ್ದಾರೆ. ಸುರಿದ ದಿನ ಮನೆಯಲ್ಲಿ ಯಾರೂ ಮಾತಾಡ್ತಿರಲಿಲ್ಲ ಅಂತ ಅಕ್ಕ ಹಿಂದೊಮ್ಮೆ ಹೇಳಿದ್ದರು.

ಈಗ ಕೋಲಾರದಲ್ಲಿ ಹೆಚ್ಚು ಬೆಳೆಯುವುದು ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣು. ಲಾರಿಯಲ್ಲಿ ದೂರದ ರಾಜ್ಯಗಳಿಗೆ ಹೋಗಿ ಇಳಿದರೂ ಒಡೆಯಬಾರದಲ್ಲ. ಸಾರಿಗೆ ನಾಟಿಯೇ ಬೇಕು ಅನ್ನುವವರು ನಾವು, ಅದರ ಹುಳಿಗೆ. ಇಟಲಿಯಲ್ಲಿ ಸಾಸಿಗೆ ಹೆಸರಾದದ್ದು ವೆಸೂವಿಯಸ್ ಬೆಟ್ಟದ ಬುಡದ ಸಾನ್ ಮಾರ್ತ್ಸಾನೊ, ಉದ್ದನೆಯ ಹಣ್ಣು, ಬೀಜವೂ ನೀರೂ ಕಮ್ಮಿ, ತಿರುಳು ಜಾಸ್ತಿ. ಆದರೆ ನಮ್ಮ ಹೈಬ್ರಿಡ್ಡಿನಲ್ಲೂ ಚೆನ್ನಾಗಿಯೇ ಆಗುತ್ತದೆ, ನಾನು ಮಾಡಿದ್ದೇನೆ. ಗಿಡದಲ್ಲೇ ಕೆಂಪಾದದ್ದು ಬೇಕು. ಬುಡಕ್ಕೆ ಚಾಕುವಿನಲ್ಲಿ ಕತ್ತರಿ ಗುರುತು ಹಾಕಿ ಕುದಿಯುವ ನೀರಿಗೆ ಬಿಟ್ಟು ತೆಗೆದರೆ ಸಿಪ್ಪೆ ತಾನೇ ಸುಲಿಯುತ್ತದೆ. ಎಣ್ಣೆ, ಒಂದೆರಡು ಎಸಳು ಬೆಳ್ಳುಳ್ಳಿ, ಉಪ್ಪು. ಸಣ್ಣ ಉರಿಯಲ್ಲಿ, ಮುಚ್ಚಳ ಹಾಕದೆ, ಎಣ್ಣೆ ಅಂಚಿಗೆ ಬಿಡುವ ತನಕ ಬೇಯಿಸಬೇಕು. ಸಕ್ಕರೆ ಹಾಕಬಾರದು. ಈರುಳ್ಳಿ, ಧನಿಯಪುಡಿ ಯಾವುದೂ ಬೇಡ. ಹಣ್ಣು ಹಣ್ಣಾಗಿದ್ದರೆ ಸಿಹಿ ಅದರಲ್ಲೇ ಬರುತ್ತದೆ.

ಇಟಲಿಯಲ್ಲಿ ಆಗಸ್ಟ್ ತಿಂಗಳಲ್ಲಿ ಹಣ್ಣು ಇಳಿಯುವಾಗ ಮನೆಮಂದಿಯೆಲ್ಲ ಅಂಗಳದಲ್ಲಿ ಕೂತು ವರ್ಷಕ್ಕಾಗುವಷ್ಟು ಟೊಮೆಟೊ ಹಿಂಡಿ, ಬಾಟಲಿಗೆ ತುಂಬಿ, ಬಾಟಲಿ ಸಮೇತ ದೊಡ್ಡ ಹಂಡೆಯಲ್ಲಿ ಕುದಿಸಿ ಇಡುತ್ತಾರೆ. ಸುರಿಯುವುದಿಲ್ಲ. ಟೊಮೆಟೊ ಅವರ ನೆಲದ್ದೂ ಅಲ್ಲ, ಅಮೆರಿಕ ಖಂಡದಿಂದ ಹೋದದ್ದು, ಪಾಸ್ತಾಕ್ಕೆ ಅದನ್ನು ಹಾಕುವ ರೂಢಿ ಬಲವಾಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಹಾಗಿದ್ದರೂ ಅದನ್ನು ಎಷ್ಟು ಜೋಪಾನ ಮಾಡಿದರು! ನಮ್ಮಲ್ಲಿ ಟೊಮೆಟೊ ಸಂಸ್ಕರಣೆಗೆ ದೊಡ್ಡ ಘಟಕ ಬೇಕು ಅಂತ ಕೋಲಾರದ ರೈತರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಬೆಂಗಳೂರಿನಲ್ಲೇ ಅಷ್ಟೊಂದು ಇಟಾಲಿಯನ್ ಹೋಟೆಲುಗಳಿವೆ, ಅರವತ್ತು ಎಪ್ಪತ್ತು ಕಿಲೋಮೀಟರ್ ದೂರ. ಹಡಗಿನಲ್ಲಿ ಬರುವ ಡಬ್ಬಿ ಟೊಮೆಟೊ ಪಕ್ಕದಲ್ಲಿ ಬೂದಿಕೋಟೆ ಹಣ್ಣಿನ ಬಾಟಲಿಯೂ ಅವರ ಕಪಾಟಿನಲ್ಲಿ ನಿಲ್ಲಬೇಕು. ಇದು ನನ್ನ ಆಸೆ, ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.

"ನಮ್ಮ ತಮ್ಮಂಗೆ ಹೇಳ್ತೀನಿ ಇರು" ಅಂದರು ಅಕ್ಕ. "ಬಾಟಲಿ ತುಂಬೋದನ್ನ ಒಂದ್ಸಲ ಮಾಡಿ ತೋರ್ಸು."

ಅಷ್ಟರಲ್ಲಿ ಅವರ ಸೊಸೆ ಹೊರಗೆ ಬಂದಳು, ಬಾಗಲಕೋಟೆಯ ಹುಡುಗಿ. ಬನ್ಸಿ ರವೆಯಿಂದ ಮನೆಯಲ್ಲೇ ಪಾಸ್ತಾ ಮಾಡಬಹುದು, ಇಟಲಿಯ ಬಾರಿ ಊರಿನಲ್ಲಿ ಹೆಂಗಸರು ಮನೆ ಮುಂದೆ ಕೂತು, ರವೆ ನೀರಿನ ಕಣಕವನ್ನು ಚೂರು ಚೂರು ಮಾಡಿ ಹೆಬ್ಬೆರಳಿನಲ್ಲಿ ಒತ್ತಿ ಕಿವಿಯಾಕಾರದ ಪಾಸ್ತಾ ಮಾಡುತ್ತಾರೆ ಅಂತ ನಾನು ಹೇಳುತ್ತಿದ್ದೆ.

"ಅದು ಗವಲಿರೀ ಅಕ್ಕಾರ" ಅಂದಳು. "ಸೌತಿಬೀಜಾನೂ ನಾ ಮಾಡ್ತೇನ್ರಿ. ನಮ್ಮವ್ವ ಡಬ್ಬಿ ತುಂಬ ಮಾಡಿ ಕಳಿಸ್ಯಾಳ, ಪಾಯಸಕ್ಕಂತ."

ನನಗೆ ಇದು ಗೊತ್ತಿರಲಿಲ್ಲ, ನಮ್ಮ ಕಾಂಪೌಂಡಿನ ಆಚೆಗೇ ಡಬ್ಬಿ ತುಂಬ ಗವಲಿ ಇದೆ ಅಂತ. ಅವಳು ಒಳಗೆ ಹೋಗಿ ಒಂದು ಹಿಡಿ ತಂದು ಅಂಗೈಗೆ ಸುರಿದಳು. ಗೋಧಿಯ ಬಣ್ಣದ ಸಣ್ಣ ಸಣ್ಣ ಸುರುಳಿಗಳು, ಒಂದೊಂದರ ಮೇಲೂ ಬೆರಳಿನ ಗೆರೆ ಮೂಡಿದೆ, ಬೆನ್ನಿನ ಕಡೆ ತರಿತರಿ. ಸಾಸು ಹಿಡಿಯಲು ಇದಕ್ಕಿಂತ ಒಳ್ಳೆಯ ಆಕಾರ ಬೇಕಿಲ್ಲ.

ಭಾನುವಾರ ಮಾಡೋಣ ಅಂತ ನಿಗದಿಯಾಯಿತು. ಗವಲಿ ಅವರದು, ಟೊಮೆಟೊ ಬೂದಿಕೋಟೆಯಿಂದ ಶನಿವಾರ ಬರುತ್ತದೆ, ಗಾಣದ ಕಡಲೆಕಾಯಿ ಎಣ್ಣೆ ನನ್ನ ಹತ್ತಿರ ಇದೆ. ಆಲಿವ್ ಎಣ್ಣೆ ಬೇಡ ಅಂದೆ, ಇದರ ಘಮವೇ ಸಾಕು. ಭಾವನವರಿಗೆ ಮೊಸರನ್ನ ಬೇರೆ ಮಾಡಬೇಕಾ ಅಂತ ಸೊಸೆ ಕೇಳಿದಳು, ಮಾಡಿಡು ಅಂದರು ಅಕ್ಕ. ತೊಂದರೆ ಬಂದದ್ದು ಕರಿಬೇವಿನಲ್ಲಿ. ಎಣ್ಣೆಗೆ ಬೆಳ್ಳುಳ್ಳಿ ಜೊತೆ ನಾಲ್ಕು ಎಸಳು ಕರಿಬೇವು ಬಿದ್ದರೆ ತಪ್ಪೇನು ಅಂತ ಅಕ್ಕ. ಬಿದ್ದರೆ ಅದೇ ಮುಂದೆ ನಿಲ್ಲುತ್ತದೆ, ಹಣ್ಣಿನ ವಾಸನೆ ಹಿಂದೆ ಹೋಗುತ್ತದೆ, ಬೇಡ ಅಂತ ನಾನು. ಸೊಸೆ ಅತ್ತೆಯ ಕಡೆ ಸೇರಿದಳು. ಸ್ವಲ್ಪ ಹೊತ್ತು ಹೀಗೇ ಆಯಿತು, ಇಬ್ಬರೂ ಬಿಡಲಿಲ್ಲ. ಕೊನೆಗೆ ಎರಡು ಬಾಣಲೆ ಇಡೋಣ, ಭಾವನವರೇ ತಿಂದು ಹೇಳಲಿ ಅಂತ ತೀರ್ಮಾನವಾಯಿತು.